ಸೀಮೋಲ್ಲಂಘನಕ್ಕೆ ಹೊರಡುವ ಮೋಟಾರು

ಆಯುಧಪೂಜೆಯ ದಿನ ನಮ್ಮ ಕಾಸರಗೋಡಿನ ಪೇಟೆಗಳಲ್ಲಿ ಹೂವಿನ ಮಾಲೆ ಹಾಕಿಕೊಳ್ಳದ ವಾಹನ ಕಾಣಸಿಗುವುದು ಅಪರೂಪ. ಬಸ್ಸು, ಲಾರಿ, ಆಟೋರಿಕ್ಷಾಗಳಿರಲಿ, ಅಂಗಡಿ ಹುಡುಗನ ಸೈಕಲ್ಲಿನ ಹ್ಯಾಂಡಲಿಗೂ ಅಂದು ಗಂಧ ಕುಂಕುಮದ ಬೊಟ್ಟು ಬೀಳುತ್ತದೆ. ಚಕ್ರದಡಿಗೆ ನಿಂಬೆಹಣ್ಣಿಟ್ಟು ಗಾಡಿಯನ್ನು ಒಂದು ಸುತ್ತು ತಂದರೆ ನಮ್ಮ ಪೂಜೆ ಮುಗಿಯಿತು. ಅದರ ಮರುದಿನ, ವಿಜಯದಶಮಿಯ ಸಂಜೆ, ನಮ್ಮಿಂದ ಬಹುದೂರದ ಕೊಲ್ಲಾಪುರದಲ್ಲಿ ಒಂದು ಹಳೆಯ ಕಾರು ಹೊಸ ಅರಮನೆಯಿಂದ ಹೊರಟು ದಸರಾ ಚೌಕಕ್ಕೆ ಬರುತ್ತದೆ. ಛತ್ರಪತಿ ಮನೆತನದವರು ಅದರಲ್ಲಿ ಕುಳಿತಿರುತ್ತಾರೆ. ನೆರೆದ ಸಾವಿರಾರು ಜನ ಅರಸು ಮನೆತನದವರನ್ನು ನೋಡುವಷ್ಟೇ ಕುತೂಹಲದಿಂದ ಆ ಕಾರನ್ನೂ ನೋಡುತ್ತಾರೆ.

ಆ ಕಾರಿನ ಹೆಸರು ಮೇಬ್ಯಾಕ್. ಜರ್ಮನರು ಅದನ್ನು ಮೈಬಾಖ್ ಎನ್ನುತ್ತಾರೆ. 1922ರಿಂದ 1940ರವರೆಗೆ ಕೊಲ್ಲಾಪುರವನ್ನಾಳಿದ ರಾಜಾರಾಮ ಮಹಾರಾಜರು 1936ರಲ್ಲಿ ತರಿಸಿದ್ದು. ಸಂಸ್ಥಾನ ಹೋಯಿತು, 1949ರ ಮಾರ್ಚ್ 1ರಂದು ಕೊಲ್ಲಾಪುರ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಕಾರು ಮಾತ್ರ ತನ್ನ ಕೆಲಸ ಬಿಟ್ಟಿಲ್ಲ. ದಸರಾ ಚೌಕದಲ್ಲಿ ನಡೆಯುವ ವಿಧಿಯ ಹೆಸರು ಸೀಮೋಲ್ಲಂಘನ. ಮಳೆಗಾಲ ಕಳೆದ ಮೇಲೆ ಅರಸನು ತನ್ನ ರಾಜ್ಯದ ಗಡಿ ದಾಟಿ ದಂಡಯಾತ್ರೆಗೆ ಹೊರಡುವ ಕಾಲವೊಂದಿತ್ತು. ಅದರ ನೆನಪು ಈ ಆಚರಣೆ. ಅಲ್ಲಿ ಎಲೆಯನ್ನು ಬಂಗಾರವೆಂದು ಭಾವಿಸಿ ಪರಸ್ಪರ ಹಂಚುತ್ತಾರೆ. ಉತ್ತರ ಕರ್ನಾಟಕದ ಬಂಧುಗಳಿರುವವರಿಗೆ ಬನ್ನಿ ಕೊಡುವ ಪದ್ಧತಿ ಗೊತ್ತಿದೆ. ಇದು ಅದರದೇ ಇನ್ನೊಂದು ರೂಪ.

ಗಡಿ ದಾಟುವ ವಿಧಿಗೆ ಒಂದು ಪರದೇಶದ ಕಾರು ಒದಗಿಬಂದುದು ಆಕಸ್ಮಿಕವೇ ಇರಬಹುದು. ಆದರೆ ಆ ಕಾಲದ ಚಂದದ ಕಾರುಗಳ ಹುಟ್ಟನ್ನು ಹುಡುಕುತ್ತ ಹೋದರೆ ಗಡಿಯೆಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಗಡಿನಾಡಿನ ಓದುಗರಾದ ನಮಗೆ ಈ ಕಥೆ ರುಚಿಸೀತೆಂಬ ನಂಬಿಕೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಎರಡು ಕೈಗಳ ಕೆಲಸ

ಇಂದು ನಾವು ಕಾರು ಕೊಳ್ಳುವುದೆಂದರೆ ಕಾರ್ಖಾನೆಯಿಂದ ಪೂರ್ತಿ ತಯಾರಾಗಿ ಬಂದ ವಸ್ತುವನ್ನು ಕೊಳ್ಳುವುದು. ಎರಡನೆಯ ಮಹಾಯುದ್ಧಕ್ಕೆ ಮೊದಲು ಶ್ರೀಮಂತರ ಕಾರುಗಳು ಹಾಗೆ ಬರುತ್ತಿರಲಿಲ್ಲ. ಕಂಪೆನಿ ಕೊಡುತ್ತಿದ್ದುದು ಚಾಸಿ, ಇಂಜಿನು, ಚಕ್ರ, ಸ್ಟಿಯರಿಂಗ್ ಇಷ್ಟನ್ನೇ. ಗಿರಾಕಿ ಅದನ್ನು ಗಾಡಿಯ ಮೈ ಕಟ್ಟುವ ಇನ್ನೊಂದು ಮನೆಗೆ ಕೊಂಡುಹೋಗಿ, ತನಗೆ ಬೇಕಾದ ಆಕಾರ, ಬಣ್ಣ, ಆಸನಗಳನ್ನು ಹೇಳಿ ಮಾಡಿಸಬೇಕಾಗಿತ್ತು. ಹೀಗೆ ಒಂದೇ ಕಾರಿನಲ್ಲಿ ಎರಡು ಕೈಗಳು ಕೂಡುತ್ತಿದ್ದವು: ಒಂದು ಯಂತ್ರಜ್ಞನ ಕೈ, ಇನ್ನೊಂದು ಮರ ಮತ್ತು ತಗಡಿನ ಕೆಲಸಗಾರನ ಕೈ.

ಈ ಪದ್ಧತಿ ನಮಗೇನೂ ಹೊಸದಲ್ಲ. ಹೆದ್ದಾರಿಯ ಪಕ್ಕದಲ್ಲಿ ಬೆಳೆದವರೆಲ್ಲ ಆ ನೋಟ ಕಂಡಿದ್ದಾರೆ. ಬಸ್ಸಿನದೋ ಲಾರಿಯದೋ ಬರಿಯ ಚಾಸಿ. ಅದಕ್ಕೆ ಮೈಯಿಲ್ಲ, ಮಾಡಿಲ್ಲ, ಗಾಜಿಲ್ಲ. ಡ್ರೈವರನು ಬಿಸಿಲಿಗೆ ತಲೆಗೆ ಬೈರಾಸು ಸುತ್ತಿಕೊಂಡು ಬಯಲಿನಲ್ಲಿ ಕುಳಿತವನಂತೆ ಅದನ್ನು ಓಡಿಸಿಕೊಂಡು ಹೋಗುತ್ತಿರುತ್ತಾನೆ. ಅದು ಬಾಡಿ ಕಟ್ಟುವ ವರ್ಕ್‌ಶಾಪಿಗೆ ಹೋಗುವ ಚಾಸಿ. ಕೆಲವು ವಾರಗಳ ಬಳಿಕ ಅದೇ ಗಾಡಿ ಬಣ್ಣ ಬಳಿದುಕೊಂಡು, ಹಣೆಯ ಮೇಲೆ ದೇವರ ಹೆಸರು ಬರೆಸಿಕೊಂಡು ನಮ್ಮೂರಿನ ಲೈನಿಗೆ ಬಂದು ನಿಂತಾಗ ಗುರುತು ಸಿಗುವುದಿಲ್ಲ. ಕೊಲ್ಲಾಪುರದ ಅರಸರ ಕಾರಿಗೂ ನಮ್ಮ ಊರಿನ ಸರ್ವಿಸ್ ಬಸ್ಸಿಗೂ ಹುಟ್ಟಿನ ಕ್ರಮ ಒಂದೇ.

ಮೇಬ್ಯಾಕ್ ಹುಟ್ಟಿದ ಊರು ಫ್ರೀಡ್ರಿಕ್ಸ್‌ಹಾಫೆನ್. ಅದು ಕಾನ್‌ಸ್ಟನ್ಸ್ ಸರೋವರದ ದಡದಲ್ಲಿದೆ. ಆ ಸರೋವರದ ತೀರಗಳು ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ಈ ಮೂರು ದೇಶಗಳಿಗೂ ಸೇರಿವೆ. ವಿಲ್ಹೆಲ್ಮ್ ಮೇಬ್ಯಾಕ್ ಮತ್ತು ಅವನ ಮಗ ಕಾರ್ಲ್ 1909ರಲ್ಲಿ ಆರಂಭಿಸಿದ ಈ ಸಂಸ್ಥೆಯ ಮೂಲ ಉದ್ದೇಶ ಜೆಪ್ಪೆಲಿನ್ ವಾಯುನೌಕೆಗಳಿಗೆ ಇಂಜಿನು ಒದಗಿಸುವುದಾಗಿತ್ತು. ಮೊದಲನೆಯ ಯುದ್ಧದಲ್ಲಿ ಜರ್ಮನಿ ಸೋತು, ವಿಮಾನದ ಇಂಜಿನು ತಯಾರಿಕೆಗೆ ಕಟ್ಟು ಬಿದ್ದಾಗ, 1921ರಿಂದ ಅವರು ಕಾರಿನತ್ತ ತಿರುಗಿದರು. ಎರಡನೆಯ ಯುದ್ಧದವರೆಗೆ ಅವರು ತಯಾರಿಸಿದ್ದು ಸುಮಾರು 1,800 ಕಾರುಗಳನ್ನು ಮಾತ್ರ. ರಾಜಾರಾಮ ಮಹಾರಾಜರು ಕಾರು ತರಿಸಿದ 1936ರಲ್ಲಿ ಹೊರಬಂದ ಅವರ ಹೊಸ ಮಾದರಿ ಎಸ್.ಡಬ್ಲ್ಯು. 38; ಆರು ಸಿಲಿಂಡರಿನ 3.8 ಲೀಟರ್ ಇಂಜಿನಿನಿಂದ 140 ಅಶ್ವಶಕ್ತಿ ಕೊಡುವಂಥದು. ಮೇಬ್ಯಾಕ್ ಕಾರುಗಳಲ್ಲಿ ಹೆಚ್ಚಿನವಕ್ಕೆ ಮೈ ಕಟ್ಟುತ್ತಿದ್ದವರು ಹತ್ತಿರದ ರಾವೆನ್ಸ್‌ಬುರ್ಗ್ ಪಟ್ಟಣದ ಸ್ಪೋನ್ ಎಂಬವರು. ಇಂಜಿನಿನ ಕೀರ್ತಿ ಲೋಕಕ್ಕೆಲ್ಲ ಹಬ್ಬಿತು. ಸ್ಪೋನ್ ಎಂಬ ಹೆಸರು ಇಂದು ಗೊತ್ತಿರುವುದು ಹಳೆಯ ಕಾರುಗಳ ಹುಚ್ಚು ಹತ್ತಿದವರಿಗೆ ಮಾತ್ರ.

ಪ್ಯಾರಿಸಿನ ಬೆಡಗು

ಜರ್ಮನಿಯ ಈ ಕಾರುಗಳಲ್ಲಿ ಗಾಂಭೀರ್ಯವಿತ್ತು. ಆದರೆ ಗಾಡಿಯ ಮೈ ಕಟ್ಟುವ ಕಲೆ ತನ್ನ ಶಿಖರ ಮುಟ್ಟಿದ್ದು ಫ್ರಾನ್ಸಿನಲ್ಲಿ, ಅದರಲ್ಲೂ ಪ್ಯಾರಿಸಿನಲ್ಲಿ. ಅಲ್ಲಿ ಪ್ರತಿವರ್ಷ ಅಕ್ಟೋಬರಿನಲ್ಲಿ ಮೋಟಾರು ಪ್ರದರ್ಶನ ನಡೆಯುತ್ತಿತ್ತು. ನಮ್ಮ ಜಾತ್ರೆಗೆ ಹೊಸ ಬಟ್ಟೆ ಹೊಲಿಸುವಂತೆ ಗಾಡಿ ಕಟ್ಟುವವರು ಆ ಪ್ರದರ್ಶನಕ್ಕೆಂದೇ ಹೊಸ ಆಕಾರಗಳನ್ನು ಸಿದ್ಧಪಡಿಸುತ್ತಿದ್ದರು. ಬೇಸಗೆಯಲ್ಲಿ ಸೊಬಗಿನ ಸ್ಪರ್ಧೆಗಳು ಬೇರೆ. ಕಾರಿನ ಬಣ್ಣಕ್ಕೊಪ್ಪುವ ಉಡುಪು ತೊಟ್ಟ ಸ್ತ್ರೀಯರು ಪಕ್ಕದಲ್ಲಿ ನಿಲ್ಲುವರು. ತೀರ್ಪುಗಾರರು ಎರಡನ್ನೂ ನೋಡಿ ಅಂಕ ಕೊಡುವರು.

1936ರ ಪ್ಯಾರಿಸ್ ಪ್ರದರ್ಶನದಲ್ಲಿ ಎಲ್ಲರ ಕಣ್ಣು ಸೆಳೆದದ್ದು ದೆಲಾಯೆ ಕಂಪೆನಿಯ 135ನೇ ಮಾದರಿಯ ತೆರೆದ ಕಾರು. ದೆಲಾಯೆಯವರು ಅದುವರೆಗೆ ಲಾರಿ, ಬೆಂಕಿ ನಂದಿಸುವ ಗಾಡಿಗಳಿಗೆ ಹೆಸರಾದವರು. ಈ ಕಾರಿನ ಇಂಜಿನು ಕೂಡ ಮೂಲತಃ ಲಾರಿಯದೇ. ಅಂಥ ದುಡಿಮೆಯ ಇಂಜಿನಿನ ಮೇಲೆ ಫಿಗೋನಿ ಮತ್ತು ಫಲಾಸ್ಕಿ ಎಂಬವರು ಹೊದಿಸಿದ ಮೈಯನ್ನು ನೋಡಿ ಜನ ಬೆರಗಾದರು. ನಾಲ್ಕು ಚಕ್ರಗಳನ್ನೂ ಮುಚ್ಚಿ ಉಬ್ಬಿದ ಮಡ್‌ಗಾರ್ಡುಗಳು. ಮೂಗಿನಿಂದ ಬಾಲದ ತನಕ ಎಲ್ಲಿಯೂ ಕಡಿಯದ ಒಂದೇ ಗೆರೆ. ನಿಂತಲ್ಲೇ ಓಡುತ್ತಿರುವಂತೆ ತೋರುವ ಭಂಗಿ. ಚಿತ್ರ ಬರೆದವನು ಜಿಯೋ ಹಾಮ್ ಎಂಬ ಪತ್ರಿಕಾ ಚಿತ್ರಕಾರ. ಆ ಕಾರನ್ನು ಕೊಂಡವರು ಆಗಾಖಾನರ ಮಗ ಆಲಿ ಖಾನ್. ಚಂದದ ಜೊತೆಗೆ ಅದರಲ್ಲಿ ಕಸುವೂ ಇತ್ತು. ಅದೇ 135ನೇ ಮಾದರಿಯ ಓಟದ ಕಾರು 1938ರಲ್ಲಿ ಲ ಮಾನ್ ಊರಿನ 24 ಗಂಟೆಗಳ ಸ್ಪರ್ಧೆಯನ್ನು ಗೆದ್ದಿತು.

ಮರುವರ್ಷ, 1937ರಲ್ಲಿ, ಫಿಗೋನಿ ತಾಲ್ಬೊ-ಲಾಗೊ ಕಂಪೆನಿಯ ಚಾಸಿಗೆ ಮತ್ತೊಂದು ಮೈ ಕಟ್ಟಿದ. ಅದಕ್ಕೆ ಫ್ರೆಂಚರು ನೀರಹನಿ ಎಂಬ ಹೆಸರಿಟ್ಟರು. ಮುಂಭಾಗ ದುಂಡಗೆ ತುಂಬಿಕೊಂಡು, ಹಿಂದೆ ಹೋದಂತೆ ಸಪೂರವಾಗಿ ಮುಗಿಯುವ ಆಕಾರ. ಕೆಸುವಿನ ಎಲೆಯ ತುದಿಯಿಂದ ಜಾರಲು ಸಿದ್ಧವಾದ ಮಳೆಹನಿಯನ್ನು ಅಡ್ಡ ಮಲಗಿಸಿದರೆ ಹೇಗಿರಬಹುದೋ ಹಾಗೆ. ಅಂಥ ಕಾರುಗಳು ಇಪ್ಪತ್ತಕ್ಕಿಂತಲೂ ಕಡಿಮೆ ಸಂಖ್ಯೆಯಲ್ಲಿ ತಯಾರಾದವು. ಒಂದು ನಮ್ಮ ದೇಶದ ಕಪೂರ್ತಲಾ ಅರಸು ಮನೆತನಕ್ಕೂ ಸೇರಿತು. 2022ರ ಮಾರ್ಚಿನಲ್ಲಿ ಅಮೆರಿಕದ ಹರಾಜೊಂದರಲ್ಲಿ ಈ ಬಗೆಯ ಒಂದು ಕಾರು 1 ಕೋಟಿ 34 ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಹೋಯಿತು.

ಈ ಆಕಾರಗಳಿಗೆ ಅಚ್ಚು ಇರಲಿಲ್ಲವೆಂಬುದನ್ನು ನಾವು ಗಮನಿಸಬೇಕು. ಮೊದಲು ಕಾರಿನ ಅಳತೆಯಷ್ಟೇ ದೊಡ್ಡದಾದ ಚಿತ್ರವನ್ನು ಹಲಗೆಯ ಮೇಲೆ ಬರೆಯುತ್ತಿದ್ದರು. ಬಡಗಿಗಳು ಅದನ್ನು ನೋಡಿ ಆಷ್ ಎಂಬ ಮರದಿಂದ ಒಳಗಿನ ಹಂದರ ಕಟ್ಟುತ್ತಿದ್ದರು. ನಮ್ಮ ರಥಗಳಿಗೆ ಕಿರಾಲ್‌ಬೋಗಿ ಹೇಗೋ ಅವರ ಗಾಡಿಗಳಿಗೆ ಆಷ್ ಹಾಗೆ; ಬಾಗಿದರೂ ಮುರಿಯದ ಮರ. ಅದರ ಮೇಲೆ ಅಲ್ಯೂಮಿನಿಯಂ ಅಥವಾ ಉಕ್ಕಿನ ತಗಡು. ತಗಡನ್ನು ಮರಳಿನ ಚೀಲದ ಮೇಲಿಟ್ಟು ಮರದ ಸುತ್ತಿಗೆಯಿಂದ ಬಡಿದು ಉಬ್ಬಿಸಿ, ಎರಡು ಗಾಲಿಗಳ ನಡುವೆ ಹಿಂದಕ್ಕೂ ಮುಂದಕ್ಕೂ ಎಳೆದು ನಯಗೊಳಿಸಬೇಕು. ಎಡಗಡೆಯ ಮಡ್‌ಗಾರ್ಡಿಗೆ ಬಲಗಡೆಯದು ಸರಿಯಾಗಿ ಹೊಂದಬೇಕು. ಹೊಂದಿತೋ ಇಲ್ಲವೋ ಎಂಬುದನ್ನು ಕಣ್ಣು ಮತ್ತು ಅಂಗೈ ಹೇಳಬೇಕು. ಅನುಭವವುಳ್ಳ ತಗಡಿನ ಕೆಲಸಗಾರನು ಏಟಿನ ಸದ್ದಿನಿಂದಲೇ ಲೋಹ ಎಲ್ಲಿ ತೆಳುವಾಯಿತೆಂದು ತಿಳಿಯುತ್ತಾನೆ. ಪಾತ್ರೆಗೆ ಬಿದ್ದ ಗುದ್ದು ತೆಗೆಯುವ ನಮ್ಮ ಕಂಚುಗಾರರೂ ಕೆಲಸಕ್ಕೆ ಕಿವಿಯನ್ನು ಬಳಸುವವರೇ.

ಅಡ್ಡಿಯೊಂದು ಅಲಂಕಾರವಾದ ಉದಾಹರಣೆಯೂ ಇದೆ. ಬುಗಾಟಿ ಕಂಪೆನಿಯ ಮಗ ಜೀನ್ ಬುಗಾಟಿ 1935ರಲ್ಲಿ ಮೆಗ್ನೀಸಿಯಂ ಬೆರಕೆಯ ಹಗುರ ಲೋಹದಿಂದ ಒಂದು ಕಾರು ಮಾಡಿದ. ಆ ಲೋಹವನ್ನು ಬೆಸೆಯುವುದು ಕಷ್ಟ. ಆದ್ದರಿಂದ ಎಡಬಲದ ತಗಡುಗಳ ಅಂಚನ್ನು ಮೇಲಕ್ಕೆ ಮಡಚಿ, ಎರಡನ್ನೂ ಸೇರಿಸಿ, ಸಾಲಾಗಿ ರಿವೆಟ್ ಹೊಡೆದರು. ಕಾರಿನ ನಡು ಬೆನ್ನಿನ ಮೇಲೆ ಮೀನಿನ ಈಜುರೆಕ್ಕೆಯಂತೆ ಒಂದು ಏಣು ಎದ್ದಿತು. ಮುಂದೆ ಅದೇ ಆಕಾರದ ಅಟ್ಲಾಂಟಿಕ್ ಎಂಬ ಕಾರುಗಳನ್ನು ಅಲ್ಯೂಮಿನಿಯಮಿನಿಂದ ಮಾಡಿದಾಗ ರಿವೆಟಿನ ಅಗತ್ಯವಿರಲಿಲ್ಲ. ಆದರೂ ಆ ಏಣನ್ನು ಉಳಿಸಿಕೊಂಡರು. ಅಟ್ಲಾಂಟಿಕ್ ತಯಾರಾದದ್ದು ನಾಲ್ಕೇ ನಾಲ್ಕು. ಅದನ್ನು ರೂಪಿಸಿದ ಜೀನ್ 1939ರ ಆಗಸ್ಟಿನಲ್ಲಿ, ಯುದ್ಧ ಆರಂಭವಾಗಲು ಕೆಲವೇ ವಾರಗಳಿದ್ದಾಗ, ಕಾರೊಂದನ್ನು ಪರೀಕ್ಷಿಸುತ್ತ ಅಪಘಾತದಲ್ಲಿ ತೀರಿಕೊಂಡ. ಅವನಿಗಾಗ 30 ವರ್ಷ.

ಈ ಫ್ರೆಂಚರು ಯಾರು?

ಇಷ್ಟನ್ನೂ ನಾವು ಫ್ರೆಂಚರ ಕಲೆಯೆಂದು ಹೇಳುತ್ತೇವೆ, ಅದು ಸರಿಯೇ. ಆದರೆ ಆ ಕಲಾವಿದರ ಊರುಕೇರಿ ವಿಚಾರಿಸಿದರೆ ಬೇರೆಯೇ ಸಂಗತಿ ತಿಳಿದುಬರುತ್ತದೆ. ಫಿಗೋನಿ ಇಟಲಿಯಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿ ಪ್ಯಾರಿಸಿಗೆ ಬಂದವನು. ಅವನ ಪಾಲುದಾರ ಫಲಾಸ್ಕಿಯೂ ಇಟಲಿಯವನೇ. ತಾಲ್ಬೊ ಕಂಪೆನಿಯನ್ನು ಕೊಂಡು ತನ್ನ ಹೆಸರು ಸೇರಿಸಿದ ಆಂಟನಿ ಲಾಗೊ ವೆನಿಸಿನವನು. ಪ್ಯಾರಿಸಿನ ಇನ್ನೊಬ್ಬ ಪ್ರಸಿದ್ಧ ಗಾಡಿಗಾರ ಸೌಚಿಕ್ ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿ, ಪೀಠೋಪಕರಣದ ಮರಗೆಲಸ ಕಲಿತು ವಲಸೆ ಬಂದವನು. ಹಿಸ್ಪಾನೊ-ಸುಯಿಜಾ ಎಂಬ ಭವ್ಯವಾದ ಕಾರಿನ ಹೆಸರಿನಲ್ಲೇ ಸ್ಪೇನ್ ಮತ್ತು ಸ್ವಿಟ್ಜರ್ಲೆಂಡ್ ಎರಡೂ ಇವೆ. ಸ್ವಿಸ್ ಯಂತ್ರಜ್ಞ ಮಾರ್ಕ್ ಬಿರ್ಕಿಗ್ಟ್ 1904ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಆರಂಭವಾದ ಈ ಸಂಸ್ಥೆಯ ಜೀವಾಳ. ಅದರ ಅತ್ಯುತ್ತಮ ಕಾರುಗಳು ತಯಾರಾದದ್ದು ಪ್ಯಾರಿಸಿನ ಹೊರವಲಯದ ಕಾರ್ಖಾನೆಯಲ್ಲಿ.

ಎಲ್ಲಕ್ಕಿಂತ ಸ್ವಾರಸ್ಯಕರವಾದದ್ದು ಬುಗಾಟಿಯ ಕಥೆ. ಎತ್ತೋರೆ ಬುಗಾಟಿ 1881ರಲ್ಲಿ ಮಿಲಾನಿನಲ್ಲಿ ಹುಟ್ಟಿದ ಇಟಲಿಯವನು. ತಂದೆ ಮರದ ಪೀಠೋಪಕರಣಗಳ ಕಲಾವಿದ, ತಮ್ಮ ಶಿಲ್ಪಿ. 1909ರಲ್ಲಿ ಎತ್ತೋರೆ ಕಾರ್ಖಾನೆ ತೆರೆದದ್ದು ಆಲ್ಸೇಸ್ ಪ್ರಾಂತದ ಮೋಲ್ಸೈಮ್ ಎಂಬ ಪುಟ್ಟ ಊರಿನಲ್ಲಿ. ಆಗ ಅದು ಜರ್ಮನಿ. 1918ರಲ್ಲಿ ಯುದ್ಧ ಮುಗಿದಾಗ ಅದೇ ಊರು ಫ್ರಾನ್ಸಿಗೆ ಸೇರಿತು. 1940ರಲ್ಲಿ ಮತ್ತೆ ಜರ್ಮನರ ಕೈಗೆ. ಯುದ್ಧದ ಕೊನೆಗೆ ಮತ್ತೆ ಫ್ರಾನ್ಸಿಗೆ. ಅಲ್ಲಿನ ಅಜ್ಜ ಶಾಲೆಯಲ್ಲಿ ಕಲಿತ ಭಾಷೆ ಒಂದು, ಮೊಮ್ಮಗ ಕಲಿತದ್ದು ಇನ್ನೊಂದು. ಮನೆಯಲ್ಲಿ ಆಡುತ್ತಿದ್ದುದು ಆಲ್ಸೇಸಿನದೇ ಆಡುಮಾತು. ಅಂಥ ಊರಿನ ಕುಲುಮೆಗಳಲ್ಲಿ ಜಗತ್ತಿನ ಅತಿ ಸುಂದರವಾದ ಕಾರುಗಳು ಹುಟ್ಟಿದವು.

1956ರ ನವೆಂಬರ್ 1ರಂದು ಮಲಗಿದಲ್ಲೇ ಇನ್ನೊಂದು ರಾಜ್ಯಕ್ಕೆ ಸೇರಿದ ನಮಗೆ ಆಲ್ಸೇಸಿನವರ ಪಾಡು ಬಿಡಿಸಿ ಹೇಳಬೇಕಾಗಿಲ್ಲ. ಗಡಿಯಲ್ಲಿರುವವರ ಕಷ್ಟಗಳನ್ನು ನಾವು ಆಗಾಗ ಮಾತನಾಡುತ್ತೇವೆ, ಮಾತನಾಡಲೇಬೇಕು. ಜೊತೆಗೆ ಈ ಸಂಗತಿಯೂ ಮನಸ್ಸಿನಲ್ಲಿರಲಿ: ಎರಡು ಮೂರು ಭಾಷೆಗಳ ನಡುವೆ ಬದುಕುವವನು ಎರಡು ಮೂರು ಬಗೆಯ ಕೆಲಸದ ರೀತಿಗಳನ್ನೂ ಕಣ್ಣಾರೆ ಕಾಣುತ್ತಾನೆ. ಇಟಲಿಯ ಮರಗೆಲಸ, ಜರ್ಮನಿಯ ಯಂತ್ರಜ್ಞಾನ, ಪ್ಯಾರಿಸಿನ ಅಭಿರುಚಿ ಒಂದೇ ಛಾವಣಿಯ ಅಡಿಯಲ್ಲಿ ಕೂಡಿದ್ದು ಇಂಥವರ ಕೈಯಿಂದಲೇ.

ಕೊಲ್ಲಾಪುರದ ಕೈಗಳು

ಇನ್ನು ಆ ಮೇಬ್ಯಾಕ್ ಬಂದಿಳಿದ ನೆಲವನ್ನು ನೋಡೋಣ. ಕೊಲ್ಲಾಪುರ ಜಿಲ್ಲೆ ಕನ್ನಡಕ್ಕೆ ಹೊರಗಿನದಲ್ಲ. ಶಿಲಾಹಾರರ ಕಾಲದ ಕನ್ನಡ ಶಾಸನಗಳು ಅಲ್ಲಿವೆ. ಇಚಲಕರಂಜಿಯಿಂದ ದೂರವಿಲ್ಲದ ಖಿದ್ರಾಪುರದ ಕೋಪೇಶ್ವರ ದೇವಾಲಯದ ಕಲ್ಲುಗಳಲ್ಲೂ ಕನ್ನಡ ಅಕ್ಷರಗಳಿವೆ. ಗಡಹಿಂಗ್ಲಜ ತಾಲೂಕಿನ ಹಳ್ಳಿಗಳಲ್ಲಿ ಇಂದಿಗೂ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ಮರಾಠಿ. ಗಡಹಿಂಗ್ಲಜದ ಪಕ್ಕದಲ್ಲಿ ಹರಿಯುವ ಹಿರಣ್ಯಕೇಶಿ ಹೊಳೆ ಅಲ್ಲಿಂದ ಮುಂದೆ ಸಂಕೇಶ್ವರಕ್ಕೆ ಬಂದು ಘಟಪ್ರಭೆಯನ್ನು ಸೇರುತ್ತದೆ. ಸಂತೆಯ ದಿನ ಎರಡು ಭಾಷೆಗಳೂ ಒಂದೇ ಅಂಗಡಿಯ ಮುಂದೆ ಚೌಕಾಸಿ ಮಾಡುತ್ತವೆ. ಬದಿಯಡ್ಕದಲ್ಲೋ ಕುಂಬಳೆಯಲ್ಲೋ ಒಂದೇ ವಾಕ್ಯದಲ್ಲಿ ಮೂರು ಭಾಷೆ ಬೆರೆಸುವ ನಮಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಆ ನಾಡಿನ ಮೇಸ್ತ್ರಿಗಳ ಕುಶಲತೆ ಪ್ಯಾರಿಸಿನವರಿಗೆ ಕಡಿಮೆಯದಾಗಿರಲಿಲ್ಲ. 1890ರಲ್ಲಿ ಕೊಲ್ಲಾಪುರದ ಮೇಸ್ತ್ರಿ ಕುಟುಂಬದಲ್ಲಿ ಹುಟ್ಟಿದ ಬಾಬುರಾವ್ ಪೇಂಟರ್ ನಾಟಕದ ಪರದೆ ಬರೆಯುತ್ತಿದ್ದವರು. ಸಿನೆಮಾ ತೆಗೆಯುವ ಆಸೆ ಹುಟ್ಟಿದಾಗ ಕ್ಯಾಮರಾ ಕೊಳ್ಳುವ ಅನುಕೂಲವಿರಲಿಲ್ಲ. ಅವರೂ ಅವರ ಸೋದರಸಂಬಂಧಿ ಆನಂದರಾಯರೂ ಕ್ಯಾಮರಾವನ್ನು ಸ್ವಂತ ಕೈಯಿಂದ ಮಾಡಲು ಹೊರಟರು. ಆನಂದರಾಯರು ನಡುವೆಯೇ ತೀರಿಕೊಂಡರು. ಬಾಬುರಾಯರು ಕೆಲಸ ಮುಗಿಸಿದರು. ಅವರ ಸೈರಂಧ್ರಿ ಚಿತ್ರ 1920ರಲ್ಲಿ ತೆರೆಗೆ ಬಂತು. ಮರ, ಲೋಹ, ಬಣ್ಣ ಮೂರನ್ನೂ ಬಲ್ಲ ಇಂಥ ಕೈಗಳಿದ್ದ ಊರಿನಲ್ಲಿ ಇಂಜಿನು ರಿಪೇರಿಯೂ ಎರಕದ ಕೆಲಸವೂ ಬೇರೂರಿದ್ದರಲ್ಲಿ ಆಶ್ಚರ್ಯವಿಲ್ಲ. ಕೊಲ್ಲಾಪುರದ ಫೌಂಡ್ರಿಗಳು ಇಂದು ದೇಶದ ವಾಹನ ಕಾರ್ಖಾನೆಗಳಿಗೆ ಎರಕದ ಭಾಗಗಳನ್ನು ಒದಗಿಸುತ್ತಿವೆ. ಪರದೇಶದ ಕಾರನ್ನು ತರಿಸಲು ಅರಸರ ಬೊಕ್ಕಸ ಸಾಕು. ಸುಮಾರು ತೊಂಬತ್ತು ವರ್ಷಗಳ ಕಾಲ ಅದನ್ನು ಓಡುವ ಸ್ಥಿತಿಯಲ್ಲಿಡಲು ಗಾಡಿಯ ಮರ್ಮ ಬಲ್ಲ ಕೈಗಳೇ ಬೇಕು.

ಆ ಸೀಮೆಯ ಇನ್ನೊಂದು ಕಸುಬು ಕೊಲ್ಲಾಪುರಿ ಚಪ್ಪಲಿ. ಹೆಸರು ಕೊಲ್ಲಾಪುರದ್ದಾದರೂ ಹೊಲಿಯುವ ಕೈಗಳು ಗಡಿಯ ಎರಡೂ ಕಡೆ ಇವೆ. ಅಥಣಿ, ನಿಪ್ಪಾಣಿ ಸೀಮೆಯ ಸಮಗಾರರು ತಲೆಮಾರುಗಳಿಂದ ಆ ಚಪ್ಪಲಿ ಮಾಡುತ್ತಾರೆ. ಅದಕ್ಕೆ ಭೌಗೋಳಿಕ ಗುರುತಿನ ಮುದ್ರೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಹಾಗೂ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಒಟ್ಟಾಗಿ ದೊರೆಯಿತು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಎಂಬ ದೊಡ್ಡ ಕಂಪೆನಿ ಅಂಥದೇ ಚಪ್ಪಲಿಗಳನ್ನು ಮಿಲಾನಿನಲ್ಲಿ ಪ್ರದರ್ಶಿಸಿತು. ಮೊದಲಿಗೆ ಕೊಲ್ಲಾಪುರದ ಹೆಸರನ್ನು ಹೇಳಲಿಲ್ಲ. ಇಲ್ಲಿಂದ ಆಕ್ಷೇಪ ಎದ್ದ ಮೇಲೆ ಮೂಲವನ್ನು ಒಪ್ಪಿಕೊಂಡಿತು. ವಸ್ತು ಸಮುದ್ರ ದಾಟುತ್ತದೆ, ಮಾಡಿದವನ ಹೆಸರು ಊರಿನಲ್ಲೇ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಕಲೆ ನಿಂತದ್ದು ಹೇಗೆ?

ಪ್ಯಾರಿಸಿನ ವೈಭವವನ್ನು ಬರಿದೇ ಹೊಗಳಿ ಮುಗಿಸುವುದು ನ್ಯಾಯವಲ್ಲ. ದೆಲಾಯೆ ಕಾರು ಪ್ರದರ್ಶನಗೊಂಡ 1936ರಲ್ಲೇ, ಅದಕ್ಕೆ ಕೆಲವು ತಿಂಗಳ ಮೊದಲು, ಫ್ರಾನ್ಸಿನ ಕಾರ್ಖಾನೆಗಳಲ್ಲಿ ಭಾರಿ ಮುಷ್ಕರ ನಡೆದಿತ್ತು. ಕಾರ್ಮಿಕರು ಕಾರ್ಖಾನೆಗಳ ಒಳಗೇ ಕುಳಿತರು. ವಾರಕ್ಕೆ 40 ಗಂಟೆಗಳ ಕೆಲಸ, ವರ್ಷಕ್ಕೆ ಎರಡು ವಾರಗಳ ಸಂಬಳ ಸಹಿತ ರಜೆ ಅವರಿಗೆ ದೊರೆತದ್ದು ಆಗಲೇ. ಬುಗಾಟಿಯ ಮೋಲ್ಸೈಮಿಗೂ ಮುಷ್ಕರ ತಟ್ಟಿತು. ತನ್ನ ಕೆಲಸಗಾರರು ತನ್ನ ವಿರುದ್ಧ ನಿಂತರೆಂದು ನೊಂದ ಎತ್ತೋರೆ ಪ್ಯಾರಿಸಿಗೆ ಹೋಗಿ ನೆಲೆಸಿದ, ಕಾರ್ಖಾನೆಯ ಹೊಣೆ ಮಗನ ಮೇಲೆ ಬಿತ್ತು. ಸೊಬಗಿನ ಸ್ಪರ್ಧೆಯ ಕಾರು ಮತ್ತು ಅದರ ತಗಡು ಬಡಿದವನ ಸಂಬಳ ಇವೆರಡರ ನಡುವಿನ ಅಂತರ ಎಷ್ಟೆಂಬುದನ್ನು ಊಹಿಸಬಹುದು. ನಮ್ಮ ಸಂಸ್ಥಾನಗಳ ಅರಸರು ಕೊಂಡ ಕಾರುಗಳಿಗೂ ರೈತನ ಕಂದಾಯದ ಹಣವೇ ಮೂಲವೆಂಬುದನ್ನು ಮರೆಯುವಂತಿಲ್ಲ.

ಯುದ್ಧದ ಬಳಿಕ ಫ್ರಾನ್ಸಿನಲ್ಲಿ ಉಕ್ಕಿಗೂ ಬರ, ಹಣಕ್ಕೂ ಬರ. ಸರಕಾರ ಸಾಮಾನ್ಯರ ಸಣ್ಣ ಕಾರುಗಳಿಗೆ ಪ್ರೋತ್ಸಾಹ ಕೊಟ್ಟು, ದೊಡ್ಡ ಇಂಜಿನಿನ ಕಾರುಗಳ ಮೇಲೆ ಭಾರಿ ತೆರಿಗೆ ಹಾಕಿತು. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ತಯಾರಿಕೆಯ ಕ್ರಮದಿಂದ. ಚಾಸಿ ಬೇರೆ, ಮೈ ಬೇರೆ ಎಂಬುದು ಹೋಗಿ, ಉಕ್ಕಿನ ತಗಡನ್ನು ದೈತ್ಯ ಪ್ರೆಸ್ಸಿನಲ್ಲಿ ಒತ್ತಿ ಬೆಸೆದ ಒಂದೇ ಮೈಯ ಕಾರುಗಳು ಬಂದವು. ಬೇರೆಯವರು ಮೈ ಕಟ್ಟಲು ಅಲ್ಲಿ ಎಡೆಯೇ ಉಳಿಯಲಿಲ್ಲ. 1950ರ ದಶಕದ ನಡುವಿನ ಹೊತ್ತಿಗೆ ದೆಲಾಯೆ ನಿಂತಿತು, ಫಿಗೋನಿಯ ಗಾಡಿ ಕಟ್ಟುವ ಕೆಲಸ ನಿಂತಿತು, ಸೌಚಿಕ್ ಮನೆಯ ಬಾಗಿಲು ಮುಚ್ಚಿತು. ಮೇಬ್ಯಾಕ್ ಯುದ್ಧಾನಂತರ ಕಾರಿನ ತಯಾರಿಕೆಗೆ ಮರಳಲೇ ಇಲ್ಲ. ಬಹುಕಾಲದ ನಂತರ, 2002ರಲ್ಲಿ, ಬೇರೆ ಕಂಪೆನಿಯವರು ಆ ಹೆಸರನ್ನು ಮತ್ತೆ ಬಳಕೆಗೆ ತಂದರು.

ಯಂತ್ರ ಬಂದುದನ್ನು ಬರಿಯ ನಷ್ಟವೆಂದು ಎಣಿಸಬೇಕಾಗಿಲ್ಲ. ಇಚಲಕರಂಜಿಯಲ್ಲಿ 1904ರಲ್ಲಿ ವಿಠ್ಠಲರಾವ್ ದಾತಾರರು ಮೊದಲ ವಿದ್ಯುತ್ ಮಗ್ಗ ಹೂಡಿದಾಗ ಕೈಮಗ್ಗದವರಿಗೆ ದಿಗಿಲಾಗಿರಬಹುದು. ಅದೇ ಊರು ಇಂದು ಮಗ್ಗಗಳ ಸದ್ದಿನಿಂದ ಬದುಕುತ್ತಿದೆ. ಕರ್ನಾಟಕದ ಕಡೆಯಿಂದ ಹೋದ ಕುಟುಂಬಗಳಿಗೂ ಅಲ್ಲಿ ಅನ್ನ ಹುಟ್ಟಿದೆ. ಪ್ರೆಸ್ಸಿನಲ್ಲಿ ಒತ್ತಿದ ಕಾರು ಇಲ್ಲದಿದ್ದರೆ ನಮ್ಮಲ್ಲಿ ಎಷ್ಟು ಮಂದಿ ಕಾರು ಹತ್ತುತ್ತಿದ್ದರು? ನಮ್ಮ ಬಸ್ಸುಗಳ ಬಾಡಿ ಕಟ್ಟುವುದಕ್ಕೂ ಈಗ ಕೇಂದ್ರ ಸರಕಾರದ ಕಟ್ಟುನಿಟ್ಟಿನ ನಿಯಮಾವಳಿ ಬಂದಿದೆ. ತುರ್ತು ಬಾಗಿಲು, ಆಸನಗಳ ಅಳತೆ, ಹಂದರದ ಗಟ್ಟಿತನ ಎಲ್ಲಕ್ಕೂ ಲೆಕ್ಕವಿದೆ. ಪ್ರಯಾಣಿಕರ ಜೀವದ ಪ್ರಶ್ನೆಯಾದ್ದರಿಂದ ಅದು ಬೇಕಾದದ್ದೇ. ಆದರೆ ಸಣ್ಣ ವರ್ಕ್‌ಶಾಪುಗಳು ಒಂದೊಂದಾಗಿ ಮುಚ್ಚುವಾಗ ಅವುಗಳೊಂದಿಗೆ ಮುಳುಗುವ ತಿಳಿವಳಿಕೆಗೆ ಯಾವ ಕಡತದಲ್ಲೂ ಜಾಗವಿಲ್ಲ.

ನಮ್ಮ ಪಾಲಿನ ಕೆಲಸ

ಫಿಗೋನಿಯ ಹೆಸರು ಇಂದು ಹರಾಜಿನ ಪುಸ್ತಕಗಳಲ್ಲಿದೆ. ಅವನ ಕೈಕೆಳಗೆ ಸುತ್ತಿಗೆ ಹಿಡಿದವರಲ್ಲಿ ಹೆಚ್ಚಿನವರ ಹೆಸರು ಎಲ್ಲಿಯೂ ಇಲ್ಲ. ಹಳೆಯ ಕಾರುಗಳನ್ನು ಜೀರ್ಣೋದ್ಧಾರ ಮಾಡುವವರು ತಗಡನ್ನು ಬಿಚ್ಚಿದಾಗ ಎಡಬಲಗಳ ಅಳತೆಯಲ್ಲಿ ಕೂದಲೆಳೆಯ ವ್ಯತ್ಯಾಸವನ್ನು ಕಾಣುತ್ತಾರೆ. ಎಡಕ್ಕೊಬ್ಬ, ಬಲಕ್ಕೊಬ್ಬ ಕುಳಿತು ಬಡಿದಿದ್ದಿರಬಹುದು. ಅವರ ಸಹಿ ಅಷ್ಟೇ.

ಶಾಲೆಯ ಮಕ್ಕಳಿಗೆ ರಜೆಯ ಅಭ್ಯಾಸವೆಂದು ಪ್ರಬಂಧ ಬರೆಸುವಾಗ ಪ್ರವಾಸದ ಅನುಭವ, ನನ್ನ ಮೆಚ್ಚಿನ ನಾಯಕ ಎಂಬ ವಿಷಯಗಳನ್ನೇ ಕೊಡುತ್ತೇವೆ. ಅದರ ಬದಲು ಒಂದು ವರ್ಷ ಊರಿನ ವರ್ಕ್‌ಶಾಪಿಗೆ, ಬಡಗಿಯ ಕೊಟ್ಟಿಗೆಗೆ, ಕುಲುಮೆಗೆ ಕಳುಹಿಸಿ ನೋಡಬಹುದು. ಅಲ್ಲಿ ಬಳಸುವ ಉಪಕರಣಗಳ ಹೆಸರೇನು, ಅವುಗಳಲ್ಲಿ ಕನ್ನಡದ್ದು ಎಷ್ಟು, ತುಳುವಿನದು ಎಷ್ಟು, ಮಲಯಾಳದ್ದು ಎಷ್ಟು, ಕೆಲಸ ಕಲಿಸಿದ ಗುರು ಯಾರು, ಈಗ ಕಲಿಯುವವರು ಇದ್ದಾರೆಯೆ ಎಂದು ಕೇಳಿ ಬರೆದುಕೊಂಡು ಬರಲಿ. ನಮ್ಮ ಭಾಷೆ ಉಳಿಯಬೇಕೆಂದು ಸಭೆಗಳಲ್ಲಿ ಹೇಳುತ್ತೇವೆ. ಕೆಲಸ ಹೋದರೆ ಆ ಕೆಲಸದ ಮಾತುಗಳೂ ಅದರ ಹಿಂದೆಯೇ ಹೋಗುತ್ತವೆ. ನಿಘಂಟಿಗೆ ಸೇರುವ ಮೊದಲೇ ಹೋಗುತ್ತವೆ.

ಇಂಥ ಹಳೆಯ ಕಾರುಗಳನ್ನು ನೋಡಲು ಕೊಲ್ಲಾಪುರದ ತನಕ ಹೋಗಬೇಕೆಂದಿಲ್ಲ. ವರ್ಷಕ್ಕೊಮ್ಮೆಯಾದರೂ ನಾವೆಲ್ಲ ಧರ್ಮಸ್ಥಳಕ್ಕೆ ಹೋಗುವವರೇ. ಅಲ್ಲಿ ಹಳೆಯ ಕಾರುಗಳ ದೊಡ್ಡ ಸಂಗ್ರಹವಿದೆ. ಮಕ್ಕಳು ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ಮುಂದಿನ ಸಲ ಹೋದಾಗ ಕಂಪೆನಿಯ ಹೆಸರು ಓದಿದ ಬಳಿಕ ಸ್ವಲ್ಪ ಬಗ್ಗಿ, ಬಾಗಿಲು ಮತ್ತು ಮಡ್‌ಗಾರ್ಡು ಸೇರುವಲ್ಲಿನ ಗೆರೆಯನ್ನು ನೋಡಲು ಹೇಳಿ. ಆ ಗೆರೆ ಎಷ್ಟು ಸಮವಾಗಿದೆ, ಅಚ್ಚಿಲ್ಲದೆ ಅದನ್ನು ಹೊಂದಿಸಿದ್ದು ಹೇಗೆ ಎಂದು ಕೇಳಿ. ಊರಿಗೆ ಮರಳಿದ ಮೇಲೆ ಅದೇ ಪ್ರಶ್ನೆಯನ್ನು ನಮ್ಮ ಪೇಟೆಯ ಟಿಂಕರಿಂಗ್ ಕೆಲಸದ ಮೇಸ್ತ್ರಿಯ ಬಳಿ ಕೇಳಲಿ. ಉತ್ತರ ಹೇಳಬಲ್ಲವರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ.